ಒಂದರ ಮೇಷ್ಟ್ರ ವಾಲ್ವು

ಯಾವ ಸಂಖ್ಯೆ ಹೇಳಿದರೂ ಅವರು ಒಡನೆ ಒಪ್ಪುತ್ತಿರಲಿಲ್ಲ, ತಲೆಯನ್ನು ತುಸು ಎಡಕ್ಕೆ ವಾಲಿಸಿ, "ಎಷ್ಟರಲ್ಲಿ?" ಎನ್ನುತ್ತಿದ್ದರು. ಬಸ್ಸು ಹತ್ತು ನಿಮಿಷ ತಡವಾಯಿತೆಂದರೆ, ಎಷ್ಟು ಹೊತ್ತಿನ ದಾರಿಯಲ್ಲಿ ಎಂದು ತಿಳಿಯಬೇಕು. ಹಸುಗೂಸು ಮೊಮ್ಮಗಳ ತೂಕ ಅರ್ಧ ಕೆಜಿ ಇಳಿದಿದೆಯೆಂದು ಹೆಂಡತಿ ಕಚೇರಿಗೆ ಫೋನು ಮಾಡಿದಾಗ, ಅರ್ಧ ಕೆಜಿ ತಾನೇ ಎಂದು ನಾವು ಸಮಾಧಾನ ಹೇಳುವಷ್ಟರಲ್ಲಿ, ಇರುವುದೇ ಐದು ಕೆಜಿ ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದರು.

ಉಸಿರಾಟದ ಯಂತ್ರಗಳನ್ನು ರೂಪಿಸುವ ಆ ಕಚೇರಿಯಲ್ಲಿ ನಾನು ವರದಿಗಳನ್ನು ಟೈಪು ಮಾಡುತ್ತಿದ್ದೆ. ನನ್ನ ಶಾಲೆ ಅರ್ಧಕ್ಕೇ ನಿಂತಿತ್ತು. ಕಲಿತದ್ದೆಲ್ಲ ಬಲ್ಲವರ ಮಾತಿಗೆ ಕಿವಿಗೊಟ್ಟು. ಹಿರಿಯ ಎಂಜಿನಿಯರಾಗಿದ್ದ ಅವರನ್ನು ಬೆನ್ನ ಹಿಂದೆ ಎಲ್ಲರೂ 'ಒಂದರ ಮೇಷ್ಟ್ರು' ಅನ್ನುತ್ತಿದ್ದರು. ಮೊಣಕೈ ಸವೆದ ಬೂದುಬಣ್ಣದ ಕೋಟು, ಜೇಬಿನ ತುಂಬ ಚೀಟಿಗಳು, ಬಲಗಾಲನ್ನು ಕೊಂಚ ಎಳೆದರೂ ಎಂದೂ ಗೋಡೆ ಹಿಡಿಯದ ನಡಿಗೆ.

ಆ ಹೆಸರಿನ ಗುಟ್ಟನ್ನು ಅವರೇ ನನಗೆ ಬಿಡಿಸಿ ಹೇಳಿದ್ದರು. ಯಂತ್ರದ ವಾಲ್ವಿನೊಳಗೆ ಗಾಳಿ ತೆಳುಪೊರೆಯನ್ನು ಬಾಗಿಸುತ್ತದೆ, ಬಾಗಿದ ಪೊರೆ ಗಾಳಿಯ ದಾರಿಯನ್ನೇ ಬದಲಿಸುತ್ತದೆ. ಎರಡನ್ನೂ ಕಂಪ್ಯೂಟರು ಒಟ್ಟಿಗೇ ಬಿಡಿಸಬೇಕು. ಅದು ಊಹಿಸುತ್ತದೆ, ತಿದ್ದುತ್ತದೆ, ತಿದ್ದಲು ಹೆಚ್ಚೇನೂ ಉಳಿಯಲಿಲ್ಲವೆನಿಸಿದಾಗ ನಿಲ್ಲುತ್ತದೆ. ಆದರೆ ಗಾಳಿಯ ಒತ್ತಡ ಸಾವಿರಗಳಲ್ಲಿ, ಪೊರೆಯ ಬಾಗು ಕೂದಲೆಳೆಯಷ್ಟು; ಎರಡರ ತಪ್ಪನ್ನೂ ಹಾಗೆಯೇ ಕೂಡಿದರೆ ಪೊರೆಯದು ಗಣನೆಗೇ ಬರುವುದಿಲ್ಲ.

"ಸೌದೆ ತೂಗೋ ತಕ್ಕಡೀಲಿ ಚಿನ್ನ ಇಟ್ಟ ಹಾಗೆ ಕಣಮ್ಮ, ಮುಳ್ಳು ಅಲ್ಲಾಡೋದೇ ಇಲ್ಲ."

ಆದ್ದರಿಂದ ಒಂದೊಂದನ್ನೂ ಅದರದರ ಸಹಜ ಅಳತೆಯಿಂದ ಭಾಗಿಸಿ, ಎಲ್ಲವನ್ನೂ ಒಂದರ ಆಸುಪಾಸಿಗೆ ತರಬೇಕು. ಹೊಸದಾಗಿ ಬಂದವರಿಗೆಲ್ಲ ಮೊದಲ ದಿನದ ಪಾಠ ಇದೇ. ಬೆಳಗಿನ ಪ್ರಾರ್ಥನೆಯಲ್ಲಿ ನನಗೂ ಇದು ನೆನಪಾದದ್ದುಂಟು: ನಮ್ಮ ನಮ್ಮ ಅಳತೆಯಿಂದಲೇ ನಮ್ಮನ್ನು ಅಳೆಯಪ್ಪಾ ಎಂದು.

ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ರೋಗಿ ಬಿಟ್ಟ ಗಾಳಿ ಮತ್ತೆ ಒಳಗೆ ಹೋಗದಂತೆ ತಡೆಯುವ ಪುಟ್ಟ ವಾಲ್ವೊಂದನ್ನು ಮೂರು ವರ್ಷ ತಿದ್ದಿ ತೀಡಿದ್ದರು. ಅದು ತಯಾರಿಕೆಗೆ ಹೊರಟು ನಿಂತಿತ್ತು. ಕಂಪ್ಯೂಟರಿನ ಊಹಿಸಿ ತಿದ್ದುವ ಲೆಕ್ಕ ಹನ್ನೊಂದೇ ಸುತ್ತಿಗೆ ನಿಂತು ಎಲ್ಲ ಸರಿಯಿದೆ ಎಂದಿತ್ತು. ಅವರ ಸಹಿಯೊಂದು ಬಾಕಿ. ಬೀಳ್ಕೊಡುಗೆಯ ದಿನವೇ ಬಿಡುಗಡೆಯೆಂದು ನಿರ್ದೇಶಕರು ಹೇಳಿದಾಗ ಮೇಷ್ಟ್ರು ಮದುಮಗನಂತೆ ನಾಚಿದ್ದರು.

ಅವರು ಪ್ರೀತಿಯಿಂದ 'ಬಾಯಿಬಡುಕಿ' ಎಂದು ಕರೆಯುತ್ತಿದ್ದ ಕಿರಿಯ ಎಂಜಿನಿಯರು ಅಂದು ಯಾಕೋ ಬಲು ಮೆತ್ತಗೆ ಕೇಳಿದಳು: "ಸಾರ್, ಪೊರೆಯನ್ನ ಯಾವುದರಿಂದ ಭಾಗಿಸಿದ್ದೀರಿ?"

ಮೇಷ್ಟ್ರು ಕಡತ ತೆರೆದು ನೋಡಿದರು. ಕೊಳವೆಯ ಅಗಲದಿಂದ! ಪೊರೆಯ ದಪ್ಪಕ್ಕಿಂತ ನೂರು ಪಟ್ಟು ದೊಡ್ಡ ಅಳತೆ. ಪೊರೆಯ ತಪ್ಪು ಅದರ ಮುಂದೆ ಇಲ್ಲವೆಂಬಷ್ಟು ಕಿರಿದಾಗಿ ಕಂಡು, ಲೆಕ್ಕ ಬೇಗನೆ ನಿಂತುಬಿಟ್ಟಿತ್ತು.

"ಊರಿಗೆಲ್ಲ ಪಾಠ ಹೇಳಿ ನನ್ನ ಮಗೂಗೇ ಮರೆತೆ ನೋಡು," ಎಂದರು.

ಅಳತೆ ಬದಲಿಸಿ ಮತ್ತೆ ಲೆಕ್ಕಕ್ಕೆ ಹಚ್ಚಿದರು. ಇಪ್ಪತ್ತು ಸುತ್ತು, ನಲವತ್ತು ಸುತ್ತು. ಮಧ್ಯಾಹ್ನದ ಊಟದ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಅರವತ್ತಮೂರಕ್ಕೆ ಉತ್ತರ ನೆಲೆನಿಂತಿತು. ಪೊರೆ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಇಷ್ಟು ಸಣ್ಣ ಸಂದಿಗೆ ಇಷ್ಟು ರಂಪವೇ, ಮುಂದೆ ಯಾರಾದರೂ ಸರಿಮಾಡಿಕೊಳ್ಳುತ್ತಾರೆ, ಸುಮ್ಮನೆ ಸಹಿ ಹಾಕಿ ಎಂದು ನಿರ್ದೇಶಕರು ಅನುನಯಿಸಿದರು. ಹಾಕದಿದ್ದರೆ ಆ ವಾಲ್ವು ಮೇಷ್ಟ್ರ ಕಾಲದಲ್ಲಿ ಹೊರಬರುವಂತಿರಲಿಲ್ಲ. ಮೇಷ್ಟ್ರು ನನ್ನ ಮೇಜಿನ ಬಳಿ ಬಂದು ಕುಳಿತು ವರದಿ ಹೇಳತೊಡಗಿದರು. ಮರುಕದಿಂದ ನಾನು 'ಸಣ್ಣ ದೋಷ' ಎಂದು ಟೈಪು ಮಾಡಿದ್ದೆ. ಅವರು 'ಸಣ್ಣ' ಎಂಬುದನ್ನು ಹೊಡೆದುಹಾಕಿದರು.

"ದಿನಕ್ಕೆ ಇಪ್ಪತ್ತು ಸಾವಿರ ಉಸಿರು ಕಣಮ್ಮ. ಪ್ರತಿ ಸಲಾನೂ ಒಂಚೂರು ಕೆಟ್ಟ ಗಾಳಿ ವಾಪಸ್ ಹೋದ್ರೆ, ಮಲಗಿರೋನಿಗೆ ಅದು ಸಣ್ಣದಲ್ಲ."

ತಪ್ಪು ತನ್ನದೆಂದೂ ಕಂಡುಹಿಡಿದವಳು ಆ ಹುಡುಗಿಯೆಂದೂ ಬರೆಸಿ, ಬಿಡುಗಡೆಯ ಬದಲು ಆ ವರದಿಗೆ ಸಹಿ ಹಾಕಿದರು. ವಾಲ್ವು ಹಿಂದಕ್ಕೆ ಹೋಯಿತು. ಎರಡು ತಿಂಗಳಿಗೆ ಅವರು ಬರಿಗೈಯಲ್ಲಿ ಮನೆಗೆ ಹೋದರು.

ಇಂಥವರನ್ನು ಜನ ಹಠಮಾರಿಗಳೆಂದು ತಳ್ಳಿಹಾಕುವುದುಂಟು. ತಾವು ಸಾಕಿ ಬೆಳೆಸಿದ್ದರ ಮುಂದೆ ಕಣ್ಣು ಮಂಜಾಗುವುದು ಅವರಿಗೂ ತಪ್ಪಿದ್ದಲ್ಲ. ಯಾರಾದರೂ ತೋರಿಸಿಕೊಟ್ಟಾಗ ಕಣ್ಣೊರೆಸಿಕೊಂಡು ಮತ್ತೆ ನೋಡುತ್ತಾರೆ, ಅಷ್ಟೇ ಅವರ ಹೆಚ್ಚುಗಾರಿಕೆ. ಅವರು ಕೈಬಿಟ್ಟ ವಸ್ತುವಿನ ಮೇಲೆ ಅವರ ಹೆಸರು ಇರುವುದಿಲ್ಲ. ಎಲ್ಲೋ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ ಅವರನ್ನು ಎಂದೂ ಕಾಣದ ಜೀವವೊಂದು, ಆಗದೇ ಹೋದ ಕೇಡನ್ನು ಅರಿಯದೆ, ನೆಮ್ಮದಿಯಾಗಿ ಉಸಿರಾಡುತ್ತಿರುತ್ತದೆ.