ಎಣಿಸಬಾರದ ಹಿಂಡು

ಹದಿನೇಳು, ಹದಿನೆಂಟು, ಹತ್ತೊಂಬತ್ತು — ಛೇ, ಎಣಿಸಬಾರದು, ಬಾಯಿ ಮುಚ್ಚಿಕೊಂಡೆ, ಬಸ್ಸಿನ ಮುಂದೆ ರಸ್ತೆ ತುಂಬ ಕುರಿ, ಬೇರೆ ಯಾರದೋ ಹಿಂಡು, ಡ್ರೈವರ್ ಹಾರ್ನ್ ಹೊಡೆದೇ ಹೊಡೆಯುತ್ತಿದ್ದಾನೆ, ಕಂಡಕ್ಟರ್ ಕಿಟಕಿಯಿಂದ ಅರ್ಧ ಹೊರಗೆ, ಏ ಸರಸೋ ಮಾರಾಯಾ, ಚಿಕ್ಕೋಡಿ ಮುಟ್ಟೂದೈತಿ, ಎಲ್ಲರಿಗೂ ಅವಸರ, ನನಗಿಲ್ಲ, ಶನಿವಾರದ ಮುಂಜಾನೆ ಶಾಲೆ ಮುಗಿದಿದೆ, ತೊಡೆಯ ಮೇಲೆ ಪಾಠ ಯೋಜನೆಯ ಪುಸ್ತಕ, ಮೂರನೇ ತರಗತಿ, ಗಣಿತ, ಚಟುವಟಿಕೆ ಒಂದು — ಅದರ ಮೇಲೆ ನಾನೇ ಹೊಡೆದ ಕಾಟು. ಎಷ್ಟು ಚೆಂದ ಬರೆದಿದ್ದೆ ಅದನ್ನು, ಮೂರು ಬಣ್ಣದ ಪೆನ್ನಿನಲ್ಲಿ, ನಮ್ಮ ಮನೆಯ ಎಣಿಕೆ, ಮಕ್ಕಳು ಮನೆಯ ದನ ಕುರಿ ಕೋಳಿ ಎಣಿಸಿಕೊಂಡು ಬಂದು ಹೇಳುವುದು, ಮೌಲ್ಯಮಾಪನ, ಸರಿಯಾಗಿ ಹೇಳಿದವರಿಗೆ ಎ ಶ್ರೇಣಿ, ಹೆಡ್‌ಮಾಸ್ತರ್ ಬಾಬಾಸಾಹೇಬರು ಓದಿ, ಭಾಳ ಚಲೋ ಬರದೀರಿ ದೀಪಾಲಿ ಟೀಚರ, ಅಂದರು, ನಾನು ಹಿಗ್ಗಿ ಹೀರೇಕಾಯಿ. ಸೋಮವಾರ ವಿಕ್ರಾಂತ ಎದ್ದು, ನಮ್ದು ಎರಡ ಎಮ್ಮಿ, ಒಂದ ಟ್ರ್ಯಾಕ್ಟರ್, ಅಂದ, ಎಲ್ಲರೂ ನಕ್ಕರು, ಆಮೇಲೆ ಕುರಿಗಾರರ ಹುಡುಗಿ ಕೋಮಲ ಎದ್ದಳು, ನಿಂತೇ ಇದ್ದಳು, ಬೆನ್ನ ಹಿಂದೆ ಬಿಗಿ ಮುಷ್ಟಿ, ಒಂದು ಬೆರಳೂ ಬಿಚ್ಚಲಿಲ್ಲ, ಮತ್ತೆ ನಾನು, ಎಲುಬಿಲ್ಲದ ನನ್ನ ನಾಲಿಗೆ, ಕುರಿ ಮನಿ ಹುಡಿಗ್ಯಾಗಿ ಕುರಿ ಎಷ್ಟ ಅನ್ನೂದು ಗೊತ್ತಿಲ್ಲೇನ ಬೇ — ತರಗತಿಯೆಲ್ಲ ಗೊಳ್ಳೆಂದಿತು, ಇದೇ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದೆ, ಎಣಿಕೆ ಬರುವುದಿಲ್ಲ.

ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ, ಬಾಬಾಸಾಹೇಬರು ತಲೆಯಲ್ಲಾಡಿಸಿ, ಆಕಿ ಇನ್ನ ಬರಂಗಿಲ್ಲ ಬಿಡ್ರಿ ಟೀಚರ, ಐತವಾರ ಹಿಂಡು ಯಡೂರ ಕಡೆ ಹೊಳಿದಂಡಿಗೆ ಹೊಂಟೈತಿ, ಆಕಿನ್ನೂ ಕರ್ಕೊಂಡ ಹೋಕ್ಕಾರ, ಹ್ವಾದ ವರ್ಷ ಆಕಿ ಅಕ್ಕ ಸೋನಾಲಿ ಹಿಂಗ ಹೋದಾಕಿ ತಿರುಗಿ ಬರಲೇ ಇಲ್ಲ — ನನ್ನ ಒಂದು ಮಾತಿಗೆ ಒಂದು ಹುಡುಗಿಯ ಶಾಲೆ ಮುಗಿದುಹೋಯಿತೇ, ಗುರುವಾರ ಸಂಜೆ ಹೋಗಿಯೇ ಬಿಟ್ಟೆ, ಏಕಸಂಬಿಯ ಹೊರಗೆ, ಕಬ್ಬು ಕಡಿದ ಹೊಲಕ್ಕೆ ಗೊಬ್ಬರವಾಗಲೆಂದು ಹಿಂಡನ್ನು ರಾತ್ರಿ ತಂಗಲು ತರುಬಿದ್ದರು, ನಮ್ಮ ಮಾವನವರ ಹೊಲದಲ್ಲೂ ಪ್ರತಿ ವರ್ಷ ತರುಬುತ್ತಾರೆ, ಒಂದು ದಿನವೂ ಅವರನ್ನು ಮಾತಾಡಿಸಿದವಳಲ್ಲ ನಾನು, ಕೋಮಲಳ ಅಜ್ಜಿ ಲಗಮವ್ವ ಕಂಬಳಿ ಹಾಸಿ, ಕುಂಡರ್ರಿ ಅಕ್ಕೋರ, ಅಂದಳು, ಸಿಟ್ಟಿರಲಿಲ್ಲ ಅವಳಿಗೆ, ಅದೇ ಚುಚ್ಚಿತು. ಹಿಂಡು ಎಣಿಸಬಾರದ್ರಿ, ಎಣಿಸಿದ್ರ ಕಡಿಮಿ ಆಕ್ಕಾವು, ಮಕ್ಕಳು ಉಣ್ಣಾಕ ಕುಂತಾಗ ರೊಟ್ಟಿ ಎಣಸ್ತೀರೇನ ನೀವು? ಇಲ್ಲ, ಎಣಿಸುವುದಿಲ್ಲ, ಎಣಿಸಿದರೆ ನಮ್ಮವ್ವ ಬಯ್ಯುತ್ತಿದ್ದಳು, ಮತ್ತ ಒಂದ ತಪ್ಪಿಸಿಕೊಂಡ್ರ ಹೆಂಗ ತಿಳೀತೈತಿ ಆಯಿ, ಕೇಳಿದೆ. ಮಾರಿ ನೋಡಿದ್ರ ತಿಳೀತೈತ್ರಿ — ಅಲ್ಲಿ ಕೋಮಲ, ಬಲೆಯ ಬೇಲಿಯ ಬಾಯಲ್ಲಿ ನಿಂತು, ಒಳಗೆ ಹೋಗುವ ಒಂದೊಂದು ಕುರಿಯ ತಲೆ ಮುಟ್ಟುತ್ತ, ಕೊನೆಗೆ, ಆಯೀ, ಮೋಟಗಿವಿ ಬಂದಿಲ್ಲ, ಹೌದು, ಬಂದಿರಲಿಲ್ಲ, ಕಾಲುವೆಯ ಆಚೆ ಒಂದೇ ಮೇಯುತ್ತಿತ್ತು, ಕಿವಿ ಮೋಟಾದ ಒಂದು ಕುರಿ. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ತಪ್ಪಾತವಾ ನಂದು, ಅಂದೆ, ಅವಳು ನನ್ನ ಮಾರಿಯನ್ನೂ ಹಾಗೇ ನೋಡಿದಳು, ಲಗಮವ್ವ, ನೋಡೂಣ್ರಿ, ಸಾಲಿಗೆ ಬರ್ತೀನಂದ್ರ ನಾ ಇಲ್ಲೇ ಉಳದ ಆಕಿನ್ನ ನನ್ನ ಹಂತೇಲಿ ಇಟಗೋತೀನಿ, ಆಕಿ ಮನಸ್ಸು.

ಶುಕ್ರವಾರವೂ ಬರಲಿಲ್ಲ, ಆದರೂ ಯೋಜನೆಯನ್ನು ಹೊಸದಾಗಿ ಬರೆದೆ, ಒಂದೇ ಪೆನ್ನಿನಲ್ಲಿ, ಮೊದಲು ಮುಖ, ಆಮೇಲೆ ಮುಖಕ್ಕೊಂದು ಕಲ್ಲು, ಆಮೇಲೆ ಕಲ್ಲಿನ ಎಣಿಕೆ, ಹತ್ತರ ಗುಂಪು, ಕಟ್ಟಕಡೆಗೆ ಅಂಕಿ, ಜೀವ ಇರುವುದನ್ನು ಎಣಿಸು ಎಂದು ಎಲ್ಲೂ ಕೇಳಿಲ್ಲ. ಇವತ್ತು ಪ್ರಾರ್ಥನೆಗೆ ನಿಂತಾಗ ಕೊನೆಯ ಸಾಲಿನಲ್ಲಿ ಎರಡು ಜಡೆ, ಕೆಂಪು ರಿಬ್ಬನ್, ಕೋಮಲ — ಅಬ್ಬಾ, ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು, ಬಾಗಿಲಲ್ಲಿ ಅವಳನ್ನೇ ನಿಲ್ಲಿಸಿದೆ, ತಾಟಿನಲ್ಲಿ ಇಪ್ಪತ್ತಾರು ಕಲ್ಲು, ತಾನೊಂದು ಇಟ್ಟುಕೊಂಡು ಒಳಗೆ ಬಂದವರಿಗೆಲ್ಲ ಒಂದೊಂದು ಕೊಟ್ಟಳು, ನಾನು ಹಾಜರಿ ಪುಸ್ತಕ ತೆರೆಯುವ ಮೊದಲೇ, ಕಾಂಚನ ಬಂದಿಲ್ರಿ, ತುಕಾರಾಮ ಬಂದಿಲ್ರಿ, ವಿಕ್ರಾಂತ ಬಾಯಿ ತೆರೆದು ನೋಡಿದ, ಎಲ್ಲರ ಕಲ್ಲು ಕೂಡಿಸಿ, ಈಗ ಎಣಿಸವಾ, ಅಂದರೆ ಉಸಿರು ತೆಗೆದುಕೊಳ್ಳದೆ ಇಪ್ಪತ್ನಾಲ್ಕು, ಮೊದಲಿನಿಂದಲೂ ಬರುತ್ತಿತ್ತು ಅವಳಿಗೆ, ಕೇಳಲು ನನಗೆ ಬರುತ್ತಿರಲಿಲ್ಲ, ಎಷ್ಟು ಹಗುರ ಇವತ್ತು, ನಗು ಬರುತ್ತಿದೆ, ಪಕ್ಕದ ಸೀಟಿನಾಕೆ ನೋಡುತ್ತಿದ್ದಾಳೆ, ನೋಡಲಿ. ಕುರಿ ದಾಟಿದವು, ಬಸ್ಸು ಹೊರಟಿತು, ಅವಳ ಹೆಸರಿನ ಮುಂದಿನ ಆ ಕೆಂಪು ಸಾಲಿನ ಮೇಲೆ ಗೆರೆ ಹೊಡೆದೆ, ಕುಲುಕಿಗೆ ಸೊಟ್ಟ ಬಂತು, ಇರಲಿ, ಸೋಮವಾರಕ್ಕೆ ಚಟುವಟಿಕೆ ಎರಡು, ಹತ್ತರ ಗುಂಪು, ನಾಳೆ ಹಿಂಡು ಹೊರಡುತ್ತದೆ, ಅವಳು ಉಳಿಯುತ್ತಾಳೋ — ಉಳಿಯುತ್ತಾಳೆ, ಇವತ್ತು ಶಾಲೆಯ ಗಂಟೆ ಹೊಡೆದ ಮೇಲೆ ತಾಟು ಎತ್ತಿಡಲು ಹೋದರೆ ಮಿಕ್ಕ ಎರಡು ಕಲ್ಲು ಕಾಣಲಿಲ್ಲ, ಎಲ್ಲಿ ಅಂದರೆ ಬೆನ್ನ ಹಿಂದಿನ ಕೈ ಮುಂದೆ ತಂದಳು, ಅದೇ ಮುಷ್ಟಿ, ಬಿಚ್ಚಿ ತೋರಿಸಿದಳು, ಇದು ಕಾಂಚನಂದು, ಇದು ತುಕಾರಾಮಂದು, ಸೋಮವಾರ ಅವ್ರು ಬಂದ ಮ್ಯಾಲ ನಾನ ಕೊಡ್ತೀನ್ರಿ ಅಕ್ಕೋರ, ಮತ್ತೆ ಮುಚ್ಚಿಕೊಂಡು ಹೊಲದ ದಾರಿ ಹಿಡಿದು ಓಡಿದಳು, ಆ ಮುಷ್ಟಿ, ಎರಡು ಕಲ್ಲು ಹಿಡಿದ ಆ ಮುಷ್ಟಿ —