ಕಾಯಿ ಕಡಿಯದ ಆಟ

"ಇನ್ನೊಂದೀಟು ಬಲಕ್ಕ ಸರಸ್ರಿ. ಹಾಂ, ಕುತಗಿ ವಾಲಬಾರದು," ಎನ್ನುತ್ತ ಶಾಂತಯ್ಯನವರು ಗುರುಸಿದ್ದಯ್ಯನ ಬೆನ್ನಿಗೆ ಆನಿಸಿದ್ದ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದರು. ಗೌರಕ್ಕ ಗಂಡನ ಎದೆಯ ಸುತ್ತ ಬಿಳಿಯ ಬಟ್ಟೆ ಸುತ್ತಿ ಗಂಟು ಹಾಕಿದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಎಡ ಅಂಗೈಯಲ್ಲಿ ಲಿಂಗ. ಮಠದ ಶಾಂತಯ್ಯನವರು ಎಷ್ಟೋ ಜನರನ್ನು ಹೀಗೆ ಕೂಡಿಸಿ ಕಳಿಸಿದವರು. ಆದರೂ ಈ ಹೆಣ ಕೂತ ಭಂಗಿ ನೋಡಿ ಅವರ ಮೀಸೆಯಡಿ ಒಂದು ನಗೆ ಸುಳಿಯಿತು. ಥೇಟ್ ಆಟಕ್ಕೆ ಕೂತಂತೆಯೇ ಇತ್ತು.

ಅಂದು ಯುಗಾದಿ. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಬಾಗಿಲು ಬಾಗಿಲಿಗೆ ಮಾವಿನ ತೋರಣ, ಬೇವಿನ ತೊಂಗಲು. ಗುರುಸಿದ್ದಯ್ಯ ಹೊಸ ವರ್ಷ ಬೆಳಗಾಗುವ ಮೊದಲೇ, ನಿದ್ದೆಯಲ್ಲಿ, ಯಾರನ್ನೂ ಎಬ್ಬಿಸದೆ ಹೋಗಿದ್ದ. ತುಂಬಿದ ಬಾಳು. ಅಳುವವರು ಅತ್ತು ಮುಗಿಸಿ ಈಗ ನೆರೆಮನೆಯಿಂದ ಬಂದ ಚಹಾ ಕುಡಿಯುತ್ತಿದ್ದರು.

ಖಾದರಬಾಷಾ ಏದುಸಿರು ಬಿಡುತ್ತ ಬಂದ. ಲಟ್ಟಣಿಗೆ, ಬುಗುರಿ ಕಡೆಯುವವನು, ಗುರುಸಿದ್ದಯ್ಯನ ಸಣ್ಣಂದಿನ ಗೆಳೆಯ. ಕೈಯಲ್ಲೊಂದು ಬಟ್ಟೆಯ ಚೀಲ.

"ವೈನಿ, ನಿನ್ನಿ ಸಂಜಿಕ ಅಂಗಡಿಗೆ ಬಂದು, 'ಕಾಯಿ ಆದವೇನಲೇ ಮೈಗಳ್ಳ' ಅಂತ ಬೈದು ಹೋದ. ಇವತ್ತ ತಂದೇನಿ, ನೋಡ್ರಿ, ಮಾತಾಡವಲ್ಲ," ಎಂದು ಚೀಲವನ್ನು ಗೆಳೆಯನ ಮುಂದೆ ಸುರಿದ. ಆಟದ ಕಾಯಿಗಳು. ಅರ್ಧ ಉದ್ದನೆಯವು, ಅರ್ಧ ದಪ್ಪನೆಯವು. ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಗುರುಸಿದ್ದಯ್ಯನ ಹೊಟ್ಟೆಪಾಡು ಬಟ್ಟೆಯ ಚೀಲ ಹೊಲಿಯುವುದು. ಜೀವ ಮಾತ್ರ ಆಟದ ಮೇಲೆ. ಹುಲಿ-ಕುರಿ, ಚೌಕಾಬಾರ, ಪಗಡೆ ಎಲ್ಲವನ್ನೂ ಅರೆದು ಕುಡಿದು, ಅವು ಸಾಲದೆ ಪ್ರತಿ ಯುಗಾದಿಗೆ ಒಂದು ಹೊಸ ಆಟ ಕಟ್ಟುತ್ತಿದ್ದ. ಉಳಿದ ಚಿಂದಿಗಳನ್ನು ಕೌದಿಯಂತೆ ಕೂಡಿಸಿ ಹೊಲಿದರೆ ಆಟದ ಹಾಸು. ಕಟ್ಟುವ ರೀತಿಯೂ ಅವನದೇ. ಒಬ್ಬರಿಗೆ ಒಂದೇ ಕಟ್ಟಳೆ ಹೇಳಿ, ಆಡಿಸಿ ನೋಡಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸುತ್ತಿದ್ದ. ಇಡೀ ಆಟ ಒಬ್ಬರಿಗೇ ತಿಳಿದರೆ ಅವರೇ ಗೆದ್ದು ಮೆರೆಯುತ್ತಾರೆಂಬ ಕಾಳಜಿ. ಹಬ್ಬದ ದಿನ ಬೇವು ಕುಡಿದ ಮೇಲೆ ಎಲ್ಲರೂ ಇದೇ ಪಡಸಾಲೆಯಲ್ಲಿ ಸೇರಿ ತಮ್ಮ ತಮ್ಮ ಕಟ್ಟಳೆ ಬಿಚ್ಚಿ ಹೇಳುವರು. ಆಟ ಹೇಗೆ ಮುಗಿಯುತ್ತದೆ ಎಂಬ ಕಡೆಯ ಮಾತು ಅವನದು. ಅದನ್ನು ಅವನು ಹೇಳಿದ ಮೇಲೆಯೇ ಕವಡೆ ಬೀಳಬೇಕು.

"ಹಂಗಾದ್ರ ಈ ವರ್ಷದ ಆಟ ಹೋತಲ್ರಿ," ಎಂದಳು ಮಿರ್ಚಿ ಕರಿಯುವ ಚನ್ನಬಸವ್ವ. ನೆರೆಮನೆಯವಳು, ಇವರ ಮನೆಯಲ್ಲಿ ಒಲೆ ಹಚ್ಚಿಲ್ಲವೆಂದು ತನ್ನ ಮನೆಯಿಂದ ಬೇವು ಕಲಸಿ ತಂದಿದ್ದಳು. "ನನ್ನ ಕಡೆ ಒಂದು ಕಟ್ಟಳಿ ಐತಿ, ಖಾದರಣ್ಣನ ಕಡೆ ಒಂದು, ಅಯ್ಯನೋರ ಕಡೆ ಒಂದು. ಕಡೀ ಮಾತು ಅವರ ಕೂಡ ಹೋತು. ನಿನಗರ ಹೇಳ್ಯಾರೇನ ಗೌರಕ್ಕ?"

ಗೌರಕ್ಕನ ಕೈ ಮಾಲೆಯ ಮೇಲೆ ನಿಂತಿತು.

"ಊರಿಗೆಲ್ಲಾ ಹೇಳೋರು ಮನ್ಯಾಕಿಗೆ ಹೇಳ್ತಾರೇನ?" ಎಂದು ನಕ್ಕಳು. ನಗೆ ತುಟಿಯ ಮೇಲೆ ಮಾತ್ರ. ಸಾವು ಎಲ್ಲರಿಗೂ ಬರುವಂಥದು, ಅದನ್ನು ಅವಳು ನುಂಗಿಕೊಂಡಿದ್ದಳು. ಇದು ಬೇರೆಯ ಮುಳ್ಳು. ಮಿರ್ಚಿಯವಳಿಗೆ ಒಂದು ಪಾಲು, ಮಠದವರಿಗೆ ಒಂದು ಪಾಲು. ಇಡೀ ಬಾಳು ಪಕ್ಕದಲ್ಲಿ ಉಂಡವಳಿಗೆ ಏನೂ ಇಲ್ಲ.

*

ಹೋದ ಯುಗಾದಿಯಲ್ಲಿ ಗುರುಸಿದ್ದಯ್ಯ ಗೋಡೆಗೆ ಆನಿ ಕೂತು, ಎಂದಿನಂತೆ ಮೊದಲು ಹಳೆಯ ಆಟದ ಲೆಕ್ಕ ತೆಗೆದಿದ್ದ.

"ಹಿಂದಿನ ಆಟ ಕೆಟ್ಟ ಆತ್ರಿ. ಕಾಯಿ ಕಡಿಯೂದು ಬಾಳಾತು. ಈ ಖಾದರ ಮತ್ತ ಚನ್ನಬಸವ್ವ ಶ್ರಾವಣ ಮುಗಿಯೂತನ ಮಾತು ಬಿಟ್ಟಿದ್ರು. ಇವನ ಮಿರ್ಚಿ ಸೈತ ನಾನ ತಂದುಕೊಡಬೇಕಾತು."

"ಅರ್ಧಾ ದಾರ್ಯಾಗ ತಿಂತಿದ್ದ," ಎಂದಿದ್ದ ಖಾದರಬಾಷಾ.

"ಬರೂ ಯುಗಾದಿಗೆ ಕಡಿಯೂದ ಇಲ್ಲದ್ದೊಂದು ಆಟ ಕಟ್ಟತೇನಿ. ಅದರ ಮುಂದಿನದು ಮಳೀ ಆಟ. ಆಮ್ಯಾಲೆ ಕಣ್ಣಿಲ್ಲದವರು ಕೈಲೆ ಮುಟ್ಟಿ ಆಡೂವಂಥಾದ್ದು." ಬರುವ ವರ್ಷ ಒಂದೇ ಆದರೂ ಅವನ ಎಣಿಕೆ ಇನ್ನೊಂದು ಜನ್ಮಕ್ಕೆ ಸಾಲುವಷ್ಟು.

ಒಳಗಿನಿಂದ ಗೌರಕ್ಕ ಕೂಗಿದ್ದಳು: "ಕಡಿಯೂದ ಇಲ್ಲಂದ್ರ ಅದೇನ ಆಟ್ರಿ? ಭಜನಿ ಆತು!"

"ನೀ ಬಂದು ಕೂಡು, ತೋರಸ್ತೇನಿ."

"ನನಗ ಹೋಳಿಗಿ ಅದಾವ."

ಅವಳು ಎಂದೂ ಆಟಕ್ಕೆ ಕೂತವಳಲ್ಲ. ಹಬ್ಬದ ದಿನ ಅವಳ ಪಾಳಿ ಒಲೆಯ ಮುಂದೆ. ಈ ಸಲ ಶಿವರಾತ್ರಿಯ ಹೊತ್ತಿಗೆ ಮಾತ್ರ ಏನನ್ನಿಸಿತೋ, "ಹೊಸಾದು ಏನ ನಡಿಸೀರಿ?" ಎಂದು ತಾನಾಗಿ ಕೇಳಿದ್ದಳು. ಅವನು ಸೂಜಿಗೆ ದಾರ ಪೋಣಿಸುತ್ತ, "ನಿನಗ ಹೇಳಿದ್ರ ಆಟ ಕೆಡತೈತಿ," ಎಂದಿದ್ದ. ಅವಳು ಮುಖ ತಿರುವಿ ಒಳಗೆ ಹೋಗಿದ್ದಳು.

*

ಎರೆಮಣ್ಣು ಗಟ್ಟಿಯಾಗಿದೆ, ಕುಣಿ ತೋಡುವುದು ಮಧ್ಯಾಹ್ನವಾಗುತ್ತದೆ ಎಂದು ಸುದ್ದಿ ಬಂತು.

"ಅಲ್ಲೀತನ ಇದ್ದಷ್ಟು ಕಟ್ಟಳಿ ಇಟಗೊಂಡು ಆಡೂಣು," ಎಂದರು ಶಾಂತಯ್ಯನವರು.

ಸಪ್ತಾಪುರದಿಂದ ಬಂದಿದ್ದ ಮಗಳು ಸೌಮ್ಯಾ ಗಾಬರಿಯಾದಳು. "ಹೆಣದ ಮುಂದ ಆಟ ಏನ್ರಿ? ಮಂದಿ ಏನಂದಾರು?"

"ನಮ್ಮ ಲಿಂಗವಂತರಾಗ ಸೂತಕ ಎಲ್ಲೈತಿ ತಂಗೀ? ನಿಮ್ಮಪ್ಪಗ ಸುಮ್ಮ ಕೂಡೂದು ಗೊತ್ತಿಲ್ಲ. ನಾವರ ಆಡೂಣು," ಎಂದರು ಶಾಂತಯ್ಯನವರು.

ಸೌಮ್ಯಾ ಕಪಾಟಿನಿಂದ ಹಾಸು ತಂದು ಬಿಚ್ಚಿದಳು. ಒಂದು ಮೂಲೆಯಿಂದ ಹೊರಟ ಬಣ್ಣಬಣ್ಣದ ಚೌಕದ ದಾರಿ ಸುತ್ತಿ ಬಳಸಿ ಅದೇ ಮೂಲೆಗೆ ಬಂದು ಸೇರಿತ್ತು.

"ಅಯ್ಯ ಶಿವನ! ಇದು ನನ್ನ ಖಣದ ಕುಪ್ಪಸ!" ಗೌರಕ್ಕ ಒಂದು ಚೌಕದ ಮೇಲೆ ಕೈ ಬಡಿದಳು. "ದಸರಾದಿಂದ ಹುಡಕಾಕತ್ತೇನಿ! ಕಳ್ಳರು! ಹೆಂಗ ಕುಂತಾರ ನೋಡ್ರಿ, ಏನೂ ಅರೀದವರಂಗ!"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಹೊರಗೆ ಭಜನೆಯವರ ತಾಳ ತಪ್ಪಿತು.

"ಅವ್ವಾ, ನೀನೂ ಕೂಡು," ಎಂದಳು ಸೌಮ್ಯಾ. "ಇವತ್ತ ಹೋಳಿಗಿ ಇಲ್ಲ."

ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು. ಖಾದರಬಾಷಾ ತನ್ನ ಕಟ್ಟಳೆ ಹೇಳಿದ: "ಒಬ್ಬೊಬ್ಬರಿಗೆ ಒಂದು ಉದ್ದ ಕಾಯಿ, ಒಂದು ದಪ್ಪ ಕಾಯಿ. ಉದ್ದಂದು ಲಗೂ ಲಗೂ ನಡೀತೈತಿ. ಆದ್ರ ಬಾಳ ಮುಂದ ಹೋದ್ರ ನಿಂತು ದಪ್ಪಂದರ ದಾರಿ ಕಾಯಬೇಕು."

"ಒಂದ ಮನ್ಯಾಗ ಇನ್ನೊಬ್ಬರ ಕಾಯಿ ಸಿಕ್ರ ಕಡಿಯಂಗಿಲ್ಲ," ಎಂದಳು ಚನ್ನಬಸವ್ವ. "ದಪ್ಪ ಕಾಯಿ ಒಂದು ಪಾಳಿ ನಿಂತು ಮಾತಾಡಬೇಕು. ಖರೇನ ಬಾಯಿಲೆ ಮಾತಾಡಬೇಕಂತ!"

ಶಾಂತಯ್ಯನವರು ಗಂಟಲು ಸರಿಪಡಿಸಿಕೊಂಡರು. "ನಂದು ವಿಚಿತ್ರ ಐತಿ. ದಪ್ಪ ಕಾಯಿ ನಾಕನೇ ಮನಿ ಮುಟ್ಟಿದ ಕೂಡ್ಲೆ ಒಮ್ಮೆ ಹೊಳ್ಳಿ ಮೊದಲನೇ ಮನಿಗೆ ಹೋಗಿ ಬರಬೇಕು. ಯಾಕಂತ ಕೇಳಿದ್ನಿ. ನಕ್ಕ, ಹೇಳಲಿಲ್ಲ."

ಕವಡೆ ಬಿದ್ದವು. ಖಾದರಬಾಷಾನ ಉದ್ದ ಕಾಯಿ ಓಡಿತು. ಗೌರಕ್ಕನ ದಪ್ಪ ಕಾಯಿ ಎರಡನೇ ಮನೆಯಲ್ಲೇ ಚನ್ನಬಸವ್ವನ ಕಾಯಿಗೆ ಸಿಕ್ಕು, ಇಬ್ಬರೂ ಹುಣಸೆಹಣ್ಣಿನ ಧಾರಣೆ ಮಾತಾಡಬೇಕಾಯಿತು. ಮುಂದೆ ನಾಲ್ಕನೇ ಮನೆ. ಹಿಂದಕ್ಕೆ ಒಯ್ಯಲೆಂದು ಗೌರಕ್ಕ ಕಾಯಿ ಎತ್ತಿದಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಪ್ರತಿ ವಾರ ದುರ್ಗದಬೈಲಿನ ಸಂತೆಗೆ ಕಾಯಿಪಲ್ಯೆ ತರಲು ಗಂಡ ಹೆಂಡತಿ ಇಬ್ಬರೂ ಹೊರಡುವರು. ಓಣಿಯ ತುದಿ ಮುಟ್ಟುತ್ತಲೇ ಅವಳಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಸಂಶಯ. ಹೊಳ್ಳಿ ಹೋಗಿ ಜಗ್ಗಿ ನೋಡಿ ಬರುವಳು. ಆಮೇಲೆ ಸಿಕ್ಕವರ ಜೊತೆಗೆಲ್ಲ ಮಾತು. ಉದ್ದ ಕಾಲಿನ ಅವನು ಮುಂದೆ ಹೋಗಿ, ಯಾವುದೋ ಅಂಗಡಿಯ ಮುಂದೆ ನಿಂತು, ಅವಳ ದಾರಿ ಕಾಯುತ್ತ ಇವನ್ನೆಲ್ಲ ನೋಡುತ್ತಿದ್ದ.

"ಇದು ನಾನು," ಎಂದಳು ಗೌರಕ್ಕ. "ಇದು ನಮ್ಮ ಸಂತಿ. ನಾ ಕೀಲಿ ನೋಡಾಕ ಹೊಳ್ಳಿ ಬರತಿದ್ನಲ್ಲ, ಅದು!"

ಚನ್ನಬಸವ್ವ ಕಾಯಿಯನ್ನು ನೋಡಿದಳು, ಗೌರಕ್ಕನ ನಡುವನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ನಂದೇನ ತಪ್ಪಿಲ್ರಿ ವೈನಿ," ಎಂದ ಖಾದರಬಾಷಾ. "ನಾ ಸಣ್ಣದ ಮಾಡಿದ್ನಿ. ಅವನ 'ಇನ್ನೂ ದಪ್ಪ, ಇನ್ನೂ ದಪ್ಪ' ಅಂತ ಮೂರು ಸಲ ಕಡೆಸಿದ."

ಗೌರಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹೇಳಿದ್ದರೆ ಆಟ ಕೆಡುತ್ತಿತ್ತು, ಖರೆ. ತಿಳಿದಿದ್ದರೆ ಮರುವಾರದಿಂದ ಅವಳು ಕೀಲಿಯನ್ನು ಎರಡು ಸಲ ಜಗ್ಗಿ, ತುಟಿ ಬಿಗಿದುಕೊಂಡು, ಗಂಡನ ಹಿಂದೆ ನೆಟ್ಟಗೆ ನಡೆಯುತ್ತಿದ್ದಳು. ಅವನಿಗೆ ನೋಡಲು ಏನು ಉಳಿಯುತ್ತಿತ್ತು?

ಅಷ್ಟರಲ್ಲಿ ಖಾದರಬಾಷಾನ ಉದ್ದ ಕಾಯಿ ಸುತ್ತು ಮುಗಿಸಿ ಮೂಲೆಯ ಮನೆ ಸೇರಿತು.

"ಗೆದ್ನಿ!"

"ಏನ ಗೆದ್ದಿ?" ಚನ್ನಬಸವ್ವ ಎಗರಿ ಬಿದ್ದಳು. "ಕಡೀ ಮಾತು ಯಾರಿಗೆ ಗೊತ್ತೈತಿ?"

"ನನಗ ಗೊತ್ತೈತಿ," ಎಂದಳು ಗೌರಕ್ಕ.

ಎಲ್ಲರೂ ಅವಳತ್ತ ತಿರುಗಿದರು.

"ಸಂತಿಯಿಂದ ಇವರ ಮೊದಲ ಬರತಿದ್ರು. ಆದ್ರ ಕೀಲಿ ನನ್ನ ನಡುವಿನ್ಯಾಗ ಇರತಿತ್ತು. ಬಂದವರು ಹೊರಗ ಕಟ್ಟಿ ಮ್ಯಾಲೆ ಕೂಡತಿದ್ರು. ದಪ್ಪ ಕಾಯಿ ಬಂದು ಬಾಗಲಾ ತಗಿಯೂತನ ಉದ್ದ ಕಾಯಿ ಒಳಗ ಹೋಗಂಗಿಲ್ಲ, ಖಾದರಣ್ಣ. ಹೊರಗ ಇಡು. ಆಟ ಇನ್ನೂ ಮುಗದಿಲ್ಲ."

ಖಾದರಬಾಷಾ ಗೋಡೆಗೆ ಆನಿ ಕೂತಿದ್ದ ಗೆಳೆಯನನ್ನು ನೋಡಿದ. ಕಾಯಿ ಎತ್ತಿ ಹಾಸಿನ ಅಂಚಿಗೆ ಇಟ್ಟ. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು, "ಹೂಂ, ನಿಮ್ಮ ಪಾಳಿ, ಒಗೀರಿ," ಎಂದ.

ಕುಣಿ ಸಿದ್ಧವಾಯಿತೆಂದು ಕರೆ ಬಂದಾಗ ಗೌರಕ್ಕನ ದಪ್ಪ ಕಾಯಿ ಇನ್ನೂ ಬಜಾರದ ನಡುವೆಯೇ ಇತ್ತು. ಸೌಮ್ಯಾ ಹಾಸು ಮಡಚಲು ಬಗ್ಗಿದಳು.

"ಕೈ ಹಚ್ಚಬ್ಯಾಡ," ಎಂದಳು ಗೌರಕ್ಕ. "ಹೋಗಿ ಬಂದು ಆಡೂಣು."

ಹೂವಿನ ವಿಮಾನದಲ್ಲಿ ರುಮಾಲು ಸುತ್ತಿದ ಗುರುಸಿದ್ದಯ್ಯನನ್ನು ಕೂಡಿಸಿ ಹೊತ್ತರು. ಮುಂದೆ ಶಾಂತಯ್ಯನವರು, ಹಿಂದೆ ಭಜನೆ, ಅದರ ಹಿಂದೆ ಹೆಂಗಸರು. ಮಸೂತಿಯ ತಿರುವಿನಲ್ಲಿ ಮೆರವಣಿಗೆ ತಟ್ಟನೆ ನಿಂತಿತು. ಆಟದ ಮಾತಿಗೆ ಹೊತ್ತವರಲ್ಲೇ ಜಗಳ ಹತ್ತಿತ್ತು.

"ಎರಡು ಉದ್ದ ಕಾಯಿ ಕೂಡೇ ಕಟ್ಟಿಗೆ ಬಂದ್ರ ಮಾತಾಡಬೇಕಲೇ!"

"ಮಾತಾಡೂದು ದಪ್ಪಂದರ ಕಟ್ಟಳಿ. ಉದ್ದಂದು ಸುಮ್ಮ ಕೂಡಬೇಕು!"

ಹಿಂದೆ ಆಟೋದವನು ಹಾರ್ನ್ ಹೊಡೆದ. ವಿಮಾನ ಒಂದು ಕಡೆ ವಾಲಿ, ರುಮಾಲು ಗುರುಸಿದ್ದಯ್ಯನ ಹುಬ್ಬಿನ ಮೇಲೆ ಜಾರಿತು. ಗೌರಕ್ಕ ಜನರನ್ನು ಸರಿಸುತ್ತ ಮುಂದೆ ಬಂದಳು.

"ಕಟ್ಟಿ ಮ್ಯಾಲೆ ಕುಂತ ಗಂಡಸರು ಮಾತಾಡಲಾರದ ಮತ್ತೇನ ಮಾಡ್ತಾರೋ? ಮಾತಾಡಬೇಕು! ನಡೀರಿ ಮುಂದ!"

ಹೊತ್ತವರು ನಗುತ್ತ ಹೆಗಲು ಬದಲಿಸಿದರು. ವಿಮಾನ ಮೇಲೆದ್ದಿತು. ಹೆಜ್ಜೆ ಹೆಜ್ಜೆಗೆ, ಓರೆಯಾದ ರುಮಾಲಿನಡಿ, ಗುರುಸಿದ್ದಯ್ಯ ಹೌದು ಹೌದೆಂದು ತಲೆಯಾಡಿಸುತ್ತ ಹೊರಟ.