ಒಡೆಯದ ಗಂಜಿ

ಬಂಡೆಮ್ಮನ ಗಂಜಿ ಒಡೆಯುತ್ತದೆ ಎಂಬುದು ಕಮಲಾಪುರದ ಸಂತೆಗೆಲ್ಲ ಗೊತ್ತಿದ್ದ ಮಾತು. ಮಗ್ಗದಲ್ಲಿ ಅವಳ ಕೈ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನೂಲಿಗೆ ಬಿಗಿ ಬರಲೆಂದು ಬಳಿಯುವ ಜೋಳದ ಗಂಜಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಒಲೆಯ ಮೇಲಿರುವಾಗ ಬೆಣ್ಣೆಯಷ್ಟು ನುಣ್ಣಗೆ. ಇಳಿಸಿ ಅಂಗಳಕ್ಕೆ ತಂದು ನೂಲಿಗೆ ಕುಂಚ ಹಚ್ಚುವಷ್ಟರಲ್ಲಿ ತಣ್ಣಗಾಗಿ ಹಿಟ್ಟು ತಳಕ್ಕೆ ಕೂತು, ನೀರು ಮೇಲೆ ನಿಲ್ಲುತ್ತಿತ್ತು. ನೇಯ್ದ ಧೋತರದ ತುಂಬ ಬಿಳಿ ಬಿಳಿ ಗಂಟು. "ಬಂಡೆಮ್ಮಾ, ನಿನ್ನ ಧೋತರಕ್ಕ ಸಿಡುಬು ಎದ್ದಾವೇನ?" ಎಂದು ಸಂತೆಯ ಹೆಂಗಸರು ನಗುತ್ತಿದ್ದರು. ನಕ್ಕವರ ಹಲ್ಲು ಉದುರಲಿ ಎಂದು ಬೈಯುತ್ತಲೇ ಅವಳು ಮಾರಿ ಬರುತ್ತಿದ್ದಳು.

ಅಂಥವಳ ಮನೆಯಲ್ಲಿ ಆ ವರ್ಷ ಗಂಜಿ ಒಡೆಯುವುದು ನಿಂತಿತು. ನಿಲ್ಲಬಾರದಿತ್ತು ನೋಡಿ.

ಪೊಲೀಸ್ ಕಾರ್ಯಾಚರಣೆ ಮುಗಿದು ವಾರವಾಗಿತ್ತು. ಭಾರತದ ದಂಡು ಬಂತು, ಐದೇ ದಿನಕ್ಕೆ ನಿಜಾಮನ ಆಳ್ವಿಕೆ ಮಣ್ಣಾಯಿತು. ರಜಾಕಾರರು ಮಾಡಿದ ಹಾವಳಿಯನ್ನು ಜನ ಮರೆತಿರಲಿಲ್ಲ. ಈಗ ಸೇಡಿಗೆಂದು ಬಡಿಗೆ ಹಿಡಿದು ಹೊರಟವರಿಗೆ ಯಾರು ರಜಾಕಾರ, ಯಾರು ಅಲ್ಲ ಎಂದು ವಿಚಾರಿಸುವ ವ್ಯವಧಾನ ಎಲ್ಲಿತ್ತು? ಹೆಸರೊಂದು ಕೇಳಿದರೆ ಸಾಕಾಗಿತ್ತು.

ಅಂಥ ಒಂದು ಮಳೆಯ ಸಂಜೆ ಹುಸೇನ ಮಿಸ್ತ್ರಿ ಬಂಡೆಮ್ಮನ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಕಲಬುರ್ಗಿಯ ಬಟ್ಟೆ ಗಿರಣಿಯಲ್ಲಿ ಗಂಜಿ ಕಾಸುವ ಕೋಣೆಗೆ ಅವನೇ ಹಿರಿಯ. ತಂಗಿಯ ಊರಿಗೆ ಹೋಗಿದ್ದವನಿಗೆ ಕಲಬುರ್ಗಿಯ ಗಾಜಿಪುರ ಓಣಿಯ ತನ್ನ ಮನೆಗೆ ಮರಳುವ ದಾರಿಯೇ ಕಟ್ಟಾಗಿತ್ತು.

"ತಂಗೀ, ಎರಡು ದಿನ ಇರ್ಲೇನ?" ಎಂದ.

ಬಂಡೆಮ್ಮ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಅವಳ ಗಂಡ ಮಾಪಣ್ಣ ಇವನ ಕೈಕೆಳಗೇ ದುಡಿದವನು. ಆರು ವರ್ಷದ ಹಿಂದೆ ವಾಂತಿಭೇದಿಯಾಗಿ ಮಾಪಣ್ಣ ಕಲಬುರ್ಗಿಯಲ್ಲಿ ಸತ್ತಾಗ ಹೆಣದ ಹತ್ತಿರ ಒಬ್ಬನೂ ಸುಳಿದಿರಲಿಲ್ಲ. ಈ ಹುಸೇನನೇ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದು, ತಾನೂ ಒಂದು ಹೆಗಲು ಕೊಟ್ಟು ಮಣ್ಣು ಮಾಡಿ ಹೋಗಿದ್ದ. ಅದನ್ನು ಮರೆತರೆ ಬಂಡೆಮ್ಮ ಮನುಷ್ಯಳೇ?

ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಗುಂಡಿಯಿತ್ತಲ್ಲ, ಅದನ್ನು ಇನ್ನೊಂದು ಮೊಳ ಅಗೆದಳು. ಯಾರಾದರೂ ಬಂದರೆ ಅವನು ಅದರೊಳಗೆ ಮುದುಡಿ ಕೂರುತ್ತಿದ್ದ, ಮೇಲೆ ಇವಳು ಚಾಪೆ ಎಳೆಯುತ್ತಿದ್ದಳು. ಎರಡು ದಿನ ಎಂದದ್ದು ಎರಡು ವಾರವಾಯಿತು. ಕಲಬುರ್ಗಿಯಲ್ಲಿ ದಂಡು ಬಿಗಿ ಮಾಡಿದೆ, ಅಲ್ಲಿ ಈಗ ಯಾರೂ ಯಾರ ಮೈ ಮುಟ್ಟುವಂತಿಲ್ಲ ಎಂಬ ಸುದ್ದಿ ಬಂತು. ಇನ್ನೊಂದು ವಾರ ತಡೆದರೆ ಬಸ್ಸು ಬಿಡುತ್ತಾರಂತೆ. ಒಂದೇ ವಾರ.

ಕೆಲಸವಿಲ್ಲದೆ ಕೂತವನ ಕಣ್ಣು ಬಂಡೆಮ್ಮನ ಗಂಜಿಯ ಮೇಲೆ ಬಿತ್ತು. ಮೂರು ದಿನ ನೋಡಿದ, ನಾಲ್ಕನೆಯ ದಿನ ತಡೆಯಲಾರದೆ ಹೋದ.

"ತಂಗೀ, ಇದೇನ ಗಂಜಿಯೋ, ದನಕ್ಕ ಕಲಸಿದ ಮುಸುರಿಯೋ? ಮಾಪಣ್ಣ ನಿನಗ ಏನೂ ಕಲಿಸಲಿಲ್ಲೇನ?"

"ಅಂವ ಗಿರಣಿ ಬಿಟ್ಟು ಮನ್ಯಾಗ ಯಾವಾಗ ಇದ್ದ, ಕಲಿಸಾಕ?" ಎಂದು ಇವಳು ಮುಖ ಊದಿಸಿದಳು.

ಅವನು ದೊಡ್ಡ ಗಡಿಗೆಯಲ್ಲಿ ಬಿಸಿನೀರು ಹಾಕಿಸಿ, ಅದರೊಳಗೆ ಗಂಜಿಯ ಗಡಿಗೆ ಇಳಿಸಿ, ಸುತ್ತ ಕಂಬಳಿ ಸುತ್ತಿದ. "ನೋಡವ್ವಾ, ಬಿಸಿ ಇರೂತನಕ ಹಿಟ್ಟು ನೀರು ಕೂಡಿ ಇರ್ತಾವ. ತಣ್ಣಗಾತಂದ್ರ ಹಿಟ್ಟಿಗಿ ಹಿಟ್ಟಾ ಬೇಕು, ನೀರು ಬ್ಯಾಡ. ಹೊರಗ ದಬ್ಬತದ. ಒಮ್ಮಿ ಒಡೀತು ಅಂದ್ರ ಆಮ್ಯಾಲ ಎಷ್ಟ ಕಾಸು, ಗಂಟು ಗಂಟಾ." ಹಾಗೆಂದು ಗಂಜಿ ತಿರುವುವ ಹುಟ್ಟಿನ ತುದಿಯಿಂದ ಒಂದು ಹನಿಯನ್ನು ಕೆಳತುಟಿಗೆ ಮುಟ್ಟಿಸಿಕೊಂಡ. "ತುಟಿಗಿ ಬಿಸಿ ಅನಸಬೇಕು, ಸುಡಬಾರದು. ಹದ ಅಂದ್ರ ಅದಾ."

"ಎಲ್ಲಾರೂ ಬೆರಳು ಅದ್ದಿ ನೋಡ್ತಾರ. ನಿಂದೇನ ತುಟಿ?"

ಹುಸೇನ ಬೆರಳು ಚಾಚಿದ. ಮೂವತ್ತು ವರ್ಷ ಕುದಿಯುವ ಗಂಜಿಯಲ್ಲಿ ಆಡಿದ ಬೆರಳ ತುದಿಗಳು ಮರದಂತೆ ಜಡ್ಡುಗಟ್ಟಿದ್ದವು. ಕೆಂಡ ಮುಟ್ಟಿದರೂ ಗೊತ್ತಾಗುವುದಿಲ್ಲ ಎಂದು ನಕ್ಕ. ಬಂಡೆಮ್ಮನಿಗೆ ನಗು ಬರಲಿಲ್ಲ.

ಆ ವಾರ ನೇಯ್ದ ಎರಡು ಧೋತರ ಹೇಗಿದ್ದವು ಅಂತೀರಿ! ಕೈ ಇಟ್ಟರೆ ಜಾರಬೇಕು, ಒಂದು ಗಂಟಿಲ್ಲ. ಬಂಡೆಮ್ಮ ಹತ್ತು ಸಲ ಬಿಚ್ಚಿದಳು, ಹತ್ತು ಸಲ ಮಡಿಸಿದಳು. ಸಿಡುಬು ಎಂದು ಆಡಿಕೊಂಡವರ ಮುಖದ ಮುಂದೆ ಒಮ್ಮೆ ಹಿಡಿಯಬೇಕು, ಅಷ್ಟೇ ಅವಳ ಆಸೆ. ಹುಸೇನನೂ ಬೇಡ ಎನ್ನಲಿಲ್ಲ. ತನ್ನ ಕೆಲಸ ನಾಲ್ಕು ಜನ ಮುಟ್ಟಿ ನೋಡಲಿ ಎಂಬ ಹಂಬಲ ಅವನಿಗೂ ಇತ್ತು.

ಸಂತೆಯಲ್ಲಿ ಬಾಳೆಗೊನೆ ಮಾರುವವರ ಪಕ್ಕದಲ್ಲಿ ಅವಳ ಜಾಗ. ನೂಲಿನ ವ್ಯಾಪಾರಿ ದತ್ತಪ್ಪ ಬಂದು ಧೋತರ ಎತ್ತಿಕೊಂಡ. ಹರೆಯದಲ್ಲಿ ಕೆಲ ಕಾಲ ಗಿರಣಿಯಲ್ಲಿದ್ದವನು. ಅಂಚು ಹಿಡಿದು ಉಜ್ಜಿದ, ಬೆಳಕಿಗೆ ಹಿಡಿದ, ಮತ್ತೆ ಉಜ್ಜಿದ.

"ಇದು ನಿನ್ನ ಕೈ ಅಲ್ಲ ಬಿಡು ಬಂಡೆಮ್ಮ."

"ಅಲ್ಲದ ಏನ್ರೀ? ಮತ್ತ್ಯಾರು ನೇಯ್ದು ಕೊಡ್ತಾರ ನನಗ?"

"ನೇಯ್ದಿದ್ದು ನಿಂದಾ. ಗಂಜಿ ನಿಂದಲ್ಲ. ಇಂಥಾ ಥಂಡಿ ಗಾಳ್ಯಾಗ ನಿನ್ನ ಗಂಜಿ ಒಡೀದ ನಿಂತೀತೇನ? ಸುಳ್ಳು ಹೇಳಬ್ಯಾಡ."

ಸುತ್ತ ನಿಂತ ಹೆಂಗಸರು ಕಿಸಕ್ಕೆಂದರು. ಬಂಡೆಮ್ಮನ ಮೈ ಉರಿಯಿತು. ಇಷ್ಟು ವರ್ಷ ನಗಿಸಿಕೊಂಡದ್ದು ಸಾಲದೆ? "ಯಾಕ ನಿಲ್ಲಂಗಿಲ್ಲ? ಬಿಸಿನೀರಾಗ ಗಡಿಗಿ ಇಟ್ಟು, ತುಟಿಗಿ ಹಚ್ಚಿ ಹದ ನೋಡ್ತೀನ್ರೀ!" ಎಂದು ಧಿಮಾಕಿನಿಂದ ಹೇಳಿಬಿಟ್ಟಳು. ಹಾಳಾದ ನಾಲಿಗೆ, ಆಡಿದ ಮೇಲೆ ಕಚ್ಚಿಕೊಂಡಳು.

ದತ್ತಪ್ಪನ ಕಣ್ಣು ಅಗಲವಾದವು. ತುಟಿಗೆ ಹಚ್ಚಿ ಹದ ನೋಡುವವನು ಕಲಬುರ್ಗಿ ಸೀಮೆಗೆಲ್ಲ ಒಬ್ಬನೇ. ಆ ಒಬ್ಬನೇ ದತ್ತಪ್ಪನಿಗೆ ಕೆಲಸ ಕಲಿಸಿದವನು. ಅವನನ್ನು ದಾರಿಯಲ್ಲಿ ಕಡಿದು ಹಾಕಿದರಂತೆ ಎಂಬ ಸುದ್ದಿ ಕೇಳಿ ದತ್ತಪ್ಪ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಪಾಪ, ಅವನ ಸಂತೋಷಕ್ಕೆ ಲಗಾಮೇ ಇಲ್ಲದಂತಾಯಿತು. ಧೋತರವನ್ನು ಎದೆಗೊತ್ತಿಕೊಂಡು ಸಂತೆಯೇ ಕೇಳುವಂತೆ ಕೂಗಿದ:

"ಉಸ್ತಾದ ಜೀವಂತ ಅದಾನ! ಯವ್ವಾ, ನಮ್ಮ ಹುಸೇನ ಮಿಸ್ತ್ರಿ ನಿನ್ನ ಮನ್ಯಾಗ ಅದಾನ!"

ಬಾಳೆಗೊನೆಯ ಆಚೆ ನಿಂತಿದ್ದ ಮೂವರು ಇತ್ತ ತಿರುಗಿದರು. ಅವರ ಕೈಯಲ್ಲಿ ಬಡಿಗೆಗಳಿದ್ದವು. ದತ್ತಪ್ಪ ಬಾಯಿಗೆ ಕೈ ಮುಚ್ಚಿಕೊಂಡ. ಮುಚ್ಚಿಕೊಂಡು ಏನು ಬಂತು?

ಬಂಡೆಮ್ಮ ಧೋತರ ಅಲ್ಲೇ ಬಿಟ್ಟು ಓಡಿದಳು. ಸಂತೆಯ ಜನ, ಗಾಡಿ, ದನಗಳ ನಡುವೆ ದಾರಿ ಸಾಗಲೇ ಇಲ್ಲ. ಬಡಿಗೆಯವರು ಹೊಲದ ಬದುವಿನ ಮೇಲೆ ಅವಳಿಗಿಂತ ಮೊದಲೇ ಹೋಗಿದ್ದರು. ಅವಳು ಏದುಸಿರು ಬಿಡುತ್ತ ಕೇರಿ ಮುಟ್ಟಿದಾಗ ಬಾಗಿಲು ತೆರೆದಿತ್ತು. ಗುಂಡಿಯ ಮೇಲಿನ ಚಾಪೆ ಮಡಿಸಿ ಬದಿಗೆ ಇಟ್ಟಿತ್ತು. ಬಡಿಗೆಯವರು ಮನೆಗೆ ಬೆಂಕಿ ಇಡುತ್ತೇವೆ ಎಂದಾಗ ಅವನೇ ಎದ್ದು ಹೊರಗೆ ಬಂದನಂತೆ. "ಆಕಿ ಮಗ್ಗಕ್ಕ ಕೈ ಹಚ್ಚಬ್ಯಾಡ್ರಿ, ನಾನಾ ಬರ್ತೀನಿ" ಎಂದನಂತೆ. ಹಳ್ಳದ ಕಡೆ ಕರೆದುಕೊಂಡು ಹೋದರು ಎಂದು ನೆರೆಯವರು ತಲೆ ತಗ್ಗಿಸಿ ಹೇಳಿದರು. ಅವಳು ಹಳ್ಳ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣಕ್ಕೆ ಯಾರೂ ಕೈ ಹಚ್ಚಲಿಲ್ಲ. ಮಣ್ಣು ಮಾಡಲು ಅವಳೊಂದಿಗೆ ನಿಂತವನು ದತ್ತಪ್ಪ ಒಬ್ಬನೇ.

"ನಾನಾ ಕೊಂದೆ ಯವ್ವಾ, ನಾನಾ ಕೊಂದೆ" ಎಂದು ಅವನು ಹಣೆ ಬಡಿದುಕೊಂಡ.

"ನನ್ನ ಬಾಯಿ ಮದಲ ಹೋತು. ನಿಂದು ಆಮ್ಯಾಲ" ಎಂದಳು ಬಂಡೆಮ್ಮ.

ಮನೆಗೆ ಬಂದರೆ ಬೆಳಿಗ್ಗೆ ಅವನು ಕಾಸಿಟ್ಟ ಗಂಜಿ ಕಂಬಳಿಯೊಳಗೇ ಇತ್ತು. ತಣ್ಣಗಾಗಿ ಒಡೆದಿತ್ತು. ಮತ್ತೆ ಕಾಸಿದರೂ ಕೂಡುವುದಿಲ್ಲ ಎಂದು ಅವನೇ ಹೇಳಿದ್ದ. ಆದರೂ ಒಲೆ ಹೊತ್ತಿಸಿದಳು. ದೀಪ ಹಚ್ಚುವ ಹೊತ್ತಿನವರೆಗೆ ಹುಟ್ಟು ತಿರುವಿದಳು, ಅಳುತ್ತ ತಿರುವಿದಳು. ಗಂಟು ಗಂಟೇ ಉಳಿಯಿತು.

ಆ ಮೇಲೆ ಬಂಡೆಮ್ಮ ಬಹಳ ವರ್ಷ ನೇಯ್ದಳು. ಧೋತರದ ತುಂಬ ಗಂಟು. ಹೆಂಗಸರು ಸಿಡುಬಿನ ಮಾತು ತೆಗೆದರೆ, "ನನಗ ಬರಂಗಿಲ್ಲವ್ವಾ" ಎನ್ನುತ್ತಿದ್ದಳು. ಬೈಯುವುದನ್ನು ಬಿಟ್ಟಿದ್ದಳು. ದತ್ತಪ್ಪ ಬಂದು ಮುಟ್ಟಿ ನೋಡದೆ ಕೊಂಡು ಹೋಗುತ್ತಿದ್ದ. ಕಂಬಳಿ ಅಟ್ಟದ ಮೇಲಿತ್ತು, ದೊಡ್ಡ ಗಡಿಗೆ ಮೂಲೆಯಲ್ಲಿತ್ತು. ನುಣ್ಣಗೆ ಬೆಂದ ಗಂಜಿಯನ್ನು ಒಲೆಯಿಂದ ಇಳಿಸಿ, ಅಂಗಳದ ಥಂಡಿ ಗಾಳಿಗೆ ಇಟ್ಟು, ಅದು ಒಡೆಯುವ ತನಕ ಎದುರಿಗೆ ಕೂತು ಕಾಯುತ್ತಿದ್ದಳು.